350 ರೂಪಾಯಿಯ ಹಳೇ ಡಿಕ್ಷನರಿ, ಅದರಲ್ಲಿ ಸಿಕ್ಕ ‘ಸಫ್ರೇಜ್’

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯೊಂದರಿಂದ ದಪ್ಪನೆಯ ಇಂಗ್ಲಿಷ್ ಡಿಕ್ಷನರಿ ತಂದು ಮೂರು ತಿಂಗಳಾಯಿತು. ಪುಸ್ತಕಕ್ಕೆ 350 ರೂಪಾಯಿ, ಬೈಂಡಿಂಗ್‌ಗೆ 120. ತಂದ ವಾರವೇ ಬರೆದಿದ್ದರೆ ಬರೀ ಹೊಗಳಿಬಿಡುತ್ತಿದ್ದೆ. ಈಗ ದಿನಾ ಬಳಸಿ ಅದರ ಒಳ್ಳೆಯದು, ಕೊರತೆ ಎರಡೂ ಗೊತ್ತಾಗಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಹನುಮಂತನಗರದಲ್ಲಿ ಮನೆಯಲ್ಲೇ ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಸಮಾಜ ವಿಜ್ಞಾನದ ಟ್ಯೂಷನ್ ಮಾಡುತ್ತೇನೆ. ಅರ್ಧ ಮಕ್ಕಳು ಕನ್ನಡ ಮಾಧ್ಯಮ, ಅರ್ಧ ಇಂಗ್ಲಿಷ್ ಮಾಧ್ಯಮ. ಹಾಗಾಗಿ ಪ್ರತಿ ಪದವನ್ನೂ ಎರಡು ಸಲ ಹೇಳಬೇಕು. ‘ಸಾರ್ವತ್ರಿಕ ವಯಸ್ಕ ಮತಾಧಿಕಾರ’ ಅಂತ ಒಂದು ಸಲ, ‘ಯೂನಿವರ್ಸಲ್ ಅಡಲ್ಟ್ ಸಫ್ರೇಜ್’ ಅಂತ ಇನ್ನೊಂದು ಸಲ. ಒಂದು ಸಂಜೆ ಒಂಬತ್ತನೇ ಕ್ಲಾಸಿನ ಹುಡುಗಿ ಕೈ ಎತ್ತಿದಳು. “ಮಿಸ್, ಸಫ್ರೇಜ್ ಅಂದ್ರೆ ಸಫರ್ ಆಗೋದಾ? ಓಟಿಗೋಸ್ಕರ ಜನ ತುಂಬಾ ಕಷ್ಟಪಟ್ರು ಅಂತ ಆ ಹೆಸರು ಬಂತಾ?”

ಪ್ರಶ್ನೆ ಎಷ್ಟು ಚೆನ್ನಾಗಿತ್ತು ಅಂದರೆ ‘ಹೌದು’ ಅನ್ನುವ ಮಾತು ನಾಲಿಗೆ ತುದಿಗೇ ಬಂದಿತ್ತು. ಕಷ್ಟಪಟ್ಟಿದ್ದಂತೂ ನಿಜ ಅಲ್ವಾ. ಆದರೆ ಗೊತ್ತಿಲ್ಲದ್ದನ್ನು ಮಕ್ಕಳಿಗೆ ಹೇಳಬಾರದು ಅಂತ “ನಾಳೆ ಹೇಳ್ತೀನಿ ಪುಟ್ಟಾ” ಅಂದೆ. ರಾತ್ರಿ ಫೋನಿನ ಆ್ಯಪ್‌ನಲ್ಲಿ ನೋಡಿದರೆ ‘ಮತದಾನದ ಹಕ್ಕು’ ಅಂತ ಎರಡು ಪದ, ಕೆಳಗೆ ಒಂದು ಜಾಹೀರಾತು. ಮುಗೀತು. ಅವಳು ಕೇಳಿದ್ದು ಆ ಪದ ಎಲ್ಲಿಂದ ಬಂತು ಅಂತ.

ಅದಕ್ಕೂ ಮೊದಲು ನನ್ನ ಹತ್ತಿರ ಒಂದು ಡಿಕ್ಷನರಿ ಇರಲಿಲ್ಲ ಅಂತಲ್ಲ. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ್ದೆ, 600 ರೂಪಾಯಿ ಕೊಟ್ಟು. ಬಂದಿದ್ದು ಜೆರಾಕ್ಸ್ ಥರದ ಪ್ರಿಂಟು. ಸಣ್ಣ ಅಕ್ಷರಗಳೆಲ್ಲ ಇಂಗಿಹೋಗಿದ್ದವು, ಒಂದೆರಡು ಕಡೆ ಪುಟಗಳು ತಲೆಕೆಳಗಾಗಿ ಅಂಟಿಕೊಂಡಿದ್ದವು, ವಾಪಸ್ ತಗೊಳ್ಳಿ ಅಂದರೆ ದಿನ ಮುಗಿದಿದೆ ಅಂದರು. ಆಮೇಲೆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದು ಅಂತ ನಿರ್ಧಾರ ಮಾಡಿದೆ.

ಮಾರನೇ ದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಮಾರ್ಕೆಟ್‌ನಲ್ಲಿ ಇಳಿದು ನಡೆದೆ. ಅವೆನ್ಯೂ ರಸ್ತೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ: ಕೆ.ಆರ್. ಮಾರ್ಕೆಟ್‌ನಿಂದ ಮೈಸೂರು ಬ್ಯಾಂಕ್ ಸರ್ಕಲ್‌ವರೆಗೂ ಹೋಗುವ ಕಿರಿದಾದ ರಸ್ತೆ, ಫುಟ್‌ಪಾತ್ ತುಂಬಾ ಪಠ್ಯಪುಸ್ತಕ, ಗೈಡು, ಮದುವೆ ಕಾರ್ಡು, ಪಾತ್ರೆ. ಮೆಟ್ರೋದಲ್ಲಿ ಬಂದರೆ ಚಿಕ್ಕಪೇಟೆ ಸ್ಟೇಷನ್ ಹತ್ತಿರ. ನಾನು ಹೇಳುತ್ತಿರುವ ಅಂಗಡಿ ಒಂದು ಅಡ್ಡ ಗಲ್ಲಿಯ ಬಾಯಲ್ಲಿದೆ. ಬೋರ್ಡಿಲ್ಲ. ಒಳಗೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕು, ಅಷ್ಟು ಜಾಗ. ಪುಸ್ತಕಗಳು ಸೂರಿನವರೆಗೂ.

ಅಂಗಡಿಯ ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. “ಏನಮ್ಮಾ ಬೇಕಿತ್ತು?” ಅಂದರು. ಪದ ಎಲ್ಲಿಂದ ಬಂತು ಅಂತ ಹೇಳುವ ಡಿಕ್ಷನರಿ ಬೇಕು ಅಂದೆ. ಅವರು ‘ಯಾವ ಕಂಪನಿದು, ಎಷ್ಟು ಬಜೆಟ್ಟು’ ಅಂತೆಲ್ಲ ಕೇಳಲಿಲ್ಲ. “ಯಾವ ಪದ ನೋಡಬೇಕಮ್ಮಾ?” ಅಂದರು. ಇದಕ್ಕೇ ನಾನು ಆ ಅಂಗಡಿಗೆ ಪೂರ್ತಿ ಅಂಕ ಕೊಡುವುದು. ಮೂರು ಡಿಕ್ಷನರಿ ಇಳಿಸಿ, ಧೂಳು ಒರೆಸಿ, ಮೂರರಲ್ಲೂ ಅದೇ ಪದದ ಪುಟ ತೆಗೆದು ಸ್ಟೂಲಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. ಮೊದಲನೆಯದರಲ್ಲಿ ಅರ್ಥ ಮಾತ್ರ. ಎರಡನೆಯದರಲ್ಲಿ ಲ್ಯಾಟಿನ್ ಮೂಲ ಒಂದು ಸಾಲು. ಮೂರನೆಯದು ಹಳೇ ಅರ್ಥದಿಂದ ಶುರುಮಾಡಿ ಹೊಸ ಅರ್ಥಕ್ಕೆ ಬರುತ್ತಿತ್ತು. “ಇದು ಓದೋರಿಗೆ, ಅದು ಪರೀಕ್ಷೆಗೆ” ಅಂದರು ಬೆರಳು ತೋರಿಸಿ. ಮೂರನೆಯದು ಅಗ್ಗವೂ ಆಗಿತ್ತು, ಯಾಕಂದರೆ ಮೊದಲ ಪುಟಗಳೇ ಇರಲಿಲ್ಲ, ಬೆನ್ನು ಕಿತ್ತು ದಾರ ಜೋತಾಡುತ್ತಿತ್ತು. ಯಾವ ವರ್ಷದ್ದು, ಯಾರು ಅಚ್ಚು ಹಾಕಿದ್ದು ಒಂದೂ ಇಲ್ಲ. ನನಗೆ ಬೇಕಾದ ಪುಟ ಮಾತ್ರ ಗಟ್ಟಿಯಾಗಿತ್ತು.

ಅಲ್ಲೇ ನಿಂತು ಓದಿದೆ. ಗಾಡಿಯವರು ಹಿಂದಿನಿಂದ ಹಾರನ್ ಹೊಡೆಯುತ್ತಿದ್ದರು, ಜರುಗಲಿಲ್ಲ.

ಮೊದಲು ಹುಡುಗಿಯ ಪ್ರಶ್ನೆಗೆ ಉತ್ತರ. ಸಫ್ರೇಜ್‌ಗೂ ಸಫರ್‌ಗೂ ಸಂಬಂಧವೇ ಇಲ್ಲ. ಸಫರ್ ಬಂದಿದ್ದು ಲ್ಯಾಟಿನ್‌ನ ‘ಫೆರ್ರೆ’, ಅಂದರೆ ಹೊರು ಅನ್ನುವ ಧಾತುವಿನಿಂದ. ಭಾರವನ್ನು ಕೆಳಗಿನಿಂದ ಹೊರುವುದು, ತಾಳಿಕೊಳ್ಳುವುದು. ಸಫ್ರೇಜ್ ಬಂದಿದ್ದು ‘ಸಫ್ರಾಜಿಯಂ’ ಅನ್ನುವ ಬೇರೆಯೇ ಪದದಿಂದ. ಅದರ ಅರ್ಥ ಓಟು, ಬೆಂಬಲ. ನಾವು ಮಾತಲ್ಲಿ ಹೇಳುವ ಹಾಗೆ ‘ಒಬ್ಬರ ಪರ ನಿಲ್ಲೋದು’. ಆ ಸಫ್ರಾಜಿಯಂ ಎಲ್ಲಿಂದ ಬಂತು ಅನ್ನುವುದರ ಬಗ್ಗೆ ಪಂಡಿತರಲ್ಲೇ ಇನ್ನೂ ಒಮ್ಮತವಿಲ್ಲ. ಗಲಾಟೆ, ಸದ್ದು ಅನ್ನುವ ಅರ್ಥದ ‘ಫ್ರಾಗೊರ್’ ಪದದಿಂದ ಬಂದಿರಬೇಕು, ಜನ ಗಟ್ಟಿಯಾಗಿ ಕೂಗಿ ಒಪ್ಪಿಗೆ ಕೊಡುತ್ತಿದ್ದುದರಿಂದ ಆ ಹೆಸರು ಅನ್ನುತ್ತಾರೆ ಕೆಲವರು. ಒಡೆದ ಮಡಕೆಯ ಚೂರಿನ ಮೇಲೆ ಓಟು ಗೀಚುತ್ತಿದ್ದರು, ‘ಒಡೆ’ ಅನ್ನುವ ಧಾತುವಿನಿಂದ ಬಂತು ಅನ್ನುತ್ತಾರೆ ಇನ್ನು ಕೆಲವರು. ನನಗೆ ಕೂಗಿನ ಕಥೆ ಜಾಸ್ತಿ ಹಿಡಿಸಿತು. ನಮ್ಮೂರಲ್ಲೂ ಪಂಚಾಯ್ತಿ ಕಟ್ಟೆಯಲ್ಲಿ ‘ಏನ್ರಪ್ಪಾ?’ ಅಂದರೆ ಎಲ್ಲರೂ ಒಟ್ಟಿಗೆ ‘ಹೂಂ’ ಅನ್ನುವುದಿತ್ತಲ್ಲ.

ಆಮೇಲೆ ಆ ಪದ ಹಿಡಿದ ದಾರಿ ನೋಡಿ. ಇದರಲ್ಲಿ ಕೆಲವನ್ನು ಮನೆಗೆ ಬಂದ ಮೇಲೆ ಬೇರೆ ಪುಸ್ತಕಗಳಲ್ಲಿ ಓದಿ ಸೇರಿಸಿದ್ದೇನೆ. ರೋಮ್ ಗಣರಾಜ್ಯವಾಗಿದ್ದಾಗ ಸಫ್ರಾಜಿಯಂ ಅಂದರೆ ನಾಗರಿಕ ಹಾಕುವ ಓಟು. ಚಕ್ರವರ್ತಿಗಳು ಬಂದರು, ಓಟಿಗೆ ಬೆಲೆ ಹೋಯಿತು. ಹುದ್ದೆ ಬೇಕಾದರೆ ಅರಮನೆಯಲ್ಲಿ ಯಾರಾದರೂ ದೊಡ್ಡವರು ನಿಮ್ಮ ಪರ ಒಂದು ಮಾತು ಹೇಳಬೇಕು. ಆಗ ಅದೇ ಪದಕ್ಕೆ ಶಿಫಾರಸು ಅನ್ನುವ ಅರ್ಥ ಬಂತು. ಕೊನೆಕೊನೆಗೆ ಆ ಶಿಫಾರಸಿಗೆ ಕೊಡುವ ದುಡ್ಡಿಗೂ ಅದೇ ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಓಟು ಹೋಗಿ ವಶೀಲಿ ಆಯಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಮೈ ಜುಂ ಅಂತು. ಒಂದು ಹಕ್ಕು ಕೈ ತಪ್ಪಿದ್ದು ಒಂದೇ ಒಂದು ಪದದ ಅರ್ಥದಲ್ಲಿ ಅಷ್ಟು ಸ್ಪಷ್ಟವಾಗಿ ಉಳಿದುಕೊಂಡಿದೆ.

ಚರ್ಚಿನವರ ಕೈಗೆ ಬಂದಾಗ ಅದೇ ಪದ ಪ್ರಾರ್ಥನೆಯಾಯಿತು. ಸಂತರು ನಮ್ಮ ಪರವಾಗಿ ದೇವರ ಹತ್ತಿರ ಕೇಳಿಕೊಳ್ಳುವುದು, ನಾವು ಸತ್ತವರ ಪರವಾಗಿ ಬೇಡಿಕೊಳ್ಳುವುದು. ಇಂಗ್ಲಿಷಿಗೆ 14ನೇ ಶತಮಾನದ ಕೊನೆಯಲ್ಲಿ ಫ್ರೆಂಚ್ ಮೂಲಕ ಬಂದಾಗ ಇದೇ ಅರ್ಥ. ನನ್ನ ಡಿಕ್ಷನರಿಯಲ್ಲೂ ಇದೇ ಮೊದಲನೇ ಅರ್ಥ. ಓಟು ಅನ್ನುವ ಅರ್ಥ ಇಂಗ್ಲಿಷಿನಲ್ಲಿ ಮತ್ತೆ ಬಂದಿದ್ದು 16ನೇ ಶತಮಾನದಲ್ಲಿ. ಇನ್ನು ‘ಓಟು ಹಾಕುವ ಹಕ್ಕು’ ಅನ್ನುವ ಅರ್ಥ, ಅಂದರೆ ಇವತ್ತು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುವ ಅರ್ಥ, ಅಮೆರಿಕದ 1787ರ ಸಂವಿಧಾನದ ಕಾಲದ್ದು. ಸೆನೆಟ್‌ನಲ್ಲಿ ಎಲ್ಲ ರಾಜ್ಯಗಳಿಗೂ ಸಮಾನ ಸಫ್ರೇಜ್ ಅಂತ ಅದರಲ್ಲಿ ಬರೆದಿದ್ದಾರೆ. ಹೀಗೆ ಓಟು, ವಶೀಲಿ, ಪ್ರಾರ್ಥನೆ, ಮತ್ತೆ ಓಟು, ಆಮೇಲೆ ಹಕ್ಕು. ಎಲ್ಲದರಲ್ಲೂ ‘ಪರವಾಗಿ’ ಅನ್ನುವ ಎಳೆ ಮಾತ್ರ ಹಾಗೇ ಇದೆ.

ಅದರ ಕೆಳಗೇ ‘ಸಫ್ರಜೆಟ್’. ಇದನ್ನು ಮಕ್ಕಳಿಗೆ ಹೇಳಲು ಒಂದು ಇಡೀ ಸಂಜೆ ಹಿಡಿಯಿತು, ಯಾರೂ ಗಡಿಯಾರ ನೋಡಲಿಲ್ಲ. ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಓಟು ಕೊಡಿ ಅಂತ ಅರ್ಜಿ, ಸಭೆ ಅಂತ ಕೇಳುತ್ತಿದ್ದವರನ್ನು ಸಫ್ರಜಿಸ್ಟ್ ಅನ್ನುತ್ತಿದ್ದರು. 1903ರಲ್ಲಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಮ್ಯಾಂಚೆಸ್ಟರ್‌ನಲ್ಲಿ ಬೇರೆ ಸಂಘ ಕಟ್ಟಿದರು. ಬರೀ ಮಾತು ಸಾಕು, ಕೆಲಸ ಆಗಬೇಕು ಅನ್ನುವ ಸಂಘ. 1906ರಲ್ಲಿ ಡೇಲಿ ಮೇಲ್ ಪತ್ರಿಕೆ ಇವರನ್ನು ಹಂಗಿಸಲು ‘ಸಫ್ರಜೆಟ್’ ಅಂತ ಬರೆಯಿತು. ಕೊನೆಯ ಆ ‘-ಎಟ್’ ಅನ್ನುವ ಬಾಲವೇ ಹಂಗಿಸುವುದು. ಸಿಗಾರ್‌ಗೆ ಆ ಬಾಲ ಸೇರಿಸಿದರೆ ಸಿಗರೇಟ್, ಅಂದರೆ ಚಿಕ್ಕ ಸಿಗಾರು. ಹಾಗೆಯೇ ಇವರು ಪುಟಾಣಿ, ಲೆಕ್ಕಕ್ಕಿಲ್ಲದವರು ಅಂತ ಅರ್ಥ. ಆ ಹೆಂಗಸರು ಏನು ಮಾಡಿದರು ಗೊತ್ತಾ? ಆ ಹೆಸರನ್ನೇ ಎತ್ತಿಕೊಂಡು ತಲೆಯ ಮೇಲೆ ಇಟ್ಟುಕೊಂಡರು. 1912ರಲ್ಲಿ ತಮ್ಮ ಪತ್ರಿಕೆಗೇ ‘ದ ಸಫ್ರಜೆಟ್’ ಅಂತ ಹೆಸರಿಟ್ಟರು. ಆ ಪತ್ರಿಕೆಯನ್ನು 1913ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಹೊರಗೆ ನಿಂತು ಮಾರಿದವರಲ್ಲಿ ಸೋಫಿಯಾ ದುಲೀಪ್ ಸಿಂಗ್ ಕೂಡ ಇದ್ದರು. ಪಂಜಾಬಿನ ಕೊನೆಯ ಮಹಾರಾಜನ ಮಗಳು. ಈ ಮಾತು ಹೇಳಿದಾಗ ಹಿಂದೆ ಕೂತಿದ್ದ ಹುಡುಗರೂ ಮುಂದೆ ಬಂದು ಕೂತರು.

1918ರಲ್ಲಿ ಅಲ್ಲಿ ಹೆಂಗಸರಿಗೆ ಓಟು ಸಿಕ್ಕಿತು, ಆದರೆ 30 ವರ್ಷ ದಾಟಿರಬೇಕು, ಆಸ್ತಿಯ ಲೆಕ್ಕ ಬೇರೆ. ಗಂಡಸರ ಹಾಗೇ 21ಕ್ಕೆ ಸಿಕ್ಕಿದ್ದು 1928ರಲ್ಲಿ. ನ್ಯೂಜಿಲೆಂಡ್‌ನಲ್ಲಿ 1893ರಲ್ಲೇ ಸಿಕ್ಕಿತ್ತು.

ಇನ್ನು ಕೊರತೆ ಹೇಳುತ್ತೇನೆ. ಈ ಡಿಕ್ಷನರಿಯಲ್ಲಿ ನಮ್ಮ ದೇಶ ಇಲ್ಲವೇ ಇಲ್ಲ. ಸಫ್ರೇಜ್ ಅಂದರೆ ಇಂಗ್ಲೆಂಡ್, ಅಮೆರಿಕ ಅಷ್ಟೇ ಅನ್ನುವ ಹಾಗಿದೆ. ನಮ್ಮ ಸಂವಿಧಾನದ 326ನೇ ವಿಧಿಯ ಇಂಗ್ಲಿಷ್ ತಲೆಬರಹದಲ್ಲೇ ‘ಅಡಲ್ಟ್ ಸಫ್ರೇಜ್’ ಅಂತ ಇದೆ. ಸರೋಜಿನಿ ನಾಯ್ಡು 1917ರಲ್ಲಿ ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರ ಮುಂದೆ ನಿಯೋಗ ಕರೆದುಕೊಂಡು ಹೋಗಿ ಹೆಂಗಸರಿಗೂ ಓಟು ಬೇಕು ಅಂತ ಕೇಳಿದ್ದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. 1923ರಲ್ಲಿ ಅದಕ್ಕೆ ಓಟು ಹಾಕಲು ಹೆಂಗಸರಿಗೆ ಇದ್ದ ಅಡ್ಡಿಯೂ ಹೋಯಿತು. ಎಲ್ಲ ಹೆಂಗಸರಿಗೂ ಅಲ್ಲ, ಆಸ್ತಿ ಕಂದಾಯದ ಲೆಕ್ಕದಲ್ಲಿ ಬರುವವರಿಗೆ. ಆದರೂ ಇಸವಿ ನೋಡಿ: ಇಂಗ್ಲೆಂಡಿನ ಹೆಂಗಸರಿಗೆ ಗಂಡಸರ ಸಮನಾಗಿ ಓಟು ಬರುವುದಕ್ಕೆ ಇನ್ನೂ ಐದು ವರ್ಷ ಬಾಕಿ ಇತ್ತು. ಇದೆಲ್ಲವನ್ನೂ ನಾನು ಆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ. ಅಂಚು ಅಗಲವಾಗಿದೆ, ಕಾಗದ ಪೆನ್ಸಿಲ್ ಹಿಡಿಯುತ್ತದೆ. ಈ ಒಂದು ಅನುಕೂಲ ಫೋನಿನಲ್ಲಿ ಸಿಗುವುದಿಲ್ಲ.

ಅಂಚಿನಲ್ಲಿ ಬರೆಯುತ್ತಿದ್ದಾಗ ನಮ್ಮಜ್ಜಿ ನೆನಪಾದರು. ಮಾಗಡಿ ಕಡೆಯವರು, ಓದು ಬರಹ ಇರಲಿಲ್ಲ. 1952ರ ಮೊದಲ ಚುನಾವಣೆಯಲ್ಲಿ ಓಟು ಹಾಕಿದ್ದನ್ನು ಎಷ್ಟು ಸಲ ಹೇಳಿದ್ದಾರೋ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಚಿತ್ರ. ಚೀಟಿ ತಂದು ಬೇಕಾದ ಡಬ್ಬಿಗೆ ಹಾಕಬೇಕು. ಅಜ್ಜಿ ತಲೆ ಮೇಲೆ ಸೆರಗು ಹೊದ್ದು ಒಳಗೆ ಹೋದರಂತೆ. ಗುಮಾಸ್ತರು “ಗಂಡನ ಹೆಸರೇನಮ್ಮಾ?” ಅಂದರಂತೆ. ಗಂಡನ ಹೆಸರು ಬಾಯಲ್ಲಿ ಹೇಳುವ ಹಾಗಿಲ್ಲವಲ್ಲ. ಅಜ್ಜಿ ಸುಮ್ಮನೆ ನಿಂತರು. ಹಿಂದಿನವರೆಲ್ಲ ಗೊಣಗಲು ಶುರು. ಕೊನೆಗೆ ಪಕ್ಕದ ಮನೆಯ ಅತ್ತಿಗೆ ಹೊರಗಿನಿಂದ ಕೂಗಿ ಹೇಳಿದರಂತೆ. “ಹೆಸರು ಅವಳು ಹೇಳಿದ್ಲು, ಚೀಟಿ ನಾನೇ ಹಾಕ್ದೆ” ಅನ್ನುತ್ತಿದ್ದರು ಅಜ್ಜಿ. ಆ ‘ನಾನೇ’ ಅನ್ನುವಾಗ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು.

ಉತ್ತರದ ಕಡೆ ಇದಕ್ಕಿಂತ ಕಷ್ಟ ಇತ್ತು. ಮತದಾರರ ಪಟ್ಟಿ ಮಾಡಲು ಮನೆಗೆ ಬಂದವರಿಗೆ ಎಷ್ಟೋ ಹೆಂಗಸರು ತಮ್ಮ ಹೆಸರನ್ನೇ ಕೊಡಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು ಸುಕುಮಾರ್ ಸೇನ್. ಸ್ವಂತ ಹೆಸರಿಲ್ಲದೆ ಪಟ್ಟಿಗೆ ಸೇರಿಸುವುದಿಲ್ಲ ಅಂತ ಆಯೋಗ ಗಟ್ಟಿಯಾಗಿ ನಿಂತಿತು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಈ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದಾಗ ಆ ಪ್ರಶ್ನೆ ಕೇಳಿದ್ದ ಹುಡುಗಿ “ಹಾಗಾದ್ರೆ ಸಫರ್ ಅನ್ನೋದೂ ಸ್ವಲ್ಪ ನಿಜ ಅಲ್ವಾ ಮಿಸ್” ಅಂದಳು. ಪದದ ಮೂಲದಲ್ಲಿ ನಿಜ ಅಲ್ಲ, ಪದದ ಕಥೆಯಲ್ಲಿ ನಿಜ ಅಂತ ಹೇಳಿದೆ. ಅವಳಿಗೆ ಸಮಾಧಾನ ಆಯಿತು, ನನಗೂ.

ಸಫ್ರೇಜ್ ಸಿಕ್ಕಿದ ಮೇಲೆ ಚುನಾವಣೆಯ ಬೇರೆ ಪದಗಳನ್ನೂ ಹುಡುಕುವುದು ಮಕ್ಕಳಿಗೆ ಆಟವಾಗಿಬಿಟ್ಟಿದೆ. ಡಿಕ್ಷನರಿಯನ್ನು ನೆಲದ ಮೇಲೆ ಇಟ್ಟು ಸುತ್ತ ಕೂರುತ್ತಾರೆ. ‘ಬ್ಯಾಲೆಟ್’ ಅಂದರೆ ಇಟಾಲಿಯನ್ ಭಾಷೆಯಲ್ಲಿ ಚಿಕ್ಕ ಚೆಂಡು, ವೆನಿಸ್‌ನಲ್ಲಿ ಗುಂಡು ಹಾಕಿ ಓಟು ಮಾಡುತ್ತಿದ್ದರು. ‘ಕ್ಯಾಂಡಿಡೇಟ್’ ಅಂದರೆ ಬಿಳಿ ಬಟ್ಟೆ ತೊಟ್ಟವನು. ರೋಮ್‌ನಲ್ಲಿ ಚುನಾವಣೆಗೆ ನಿಂತವರು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಬಟ್ಟೆ ಹೊದ್ದು ಬೀದಿಗೆ ಬರುತ್ತಿದ್ದರು. ‘ಪೋಲ್’ ಅಂದರೆ ತಲೆ, ತಲೆ ಎಣಿಸುವುದು. ‘ಫ್ರಾಂಚೈಸ್’ ಅನ್ನುವುದನ್ನು ಮಕ್ಕಳು ಐಪಿಎಲ್‌ನಿಂದ, ದೋಸೆ ಹೋಟೆಲಿನ ಬೋರ್ಡಿನಿಂದ ತಿಳಿದಿದ್ದರು. ಅದರ ಮೂಲ ‘ಫ್ರಾಂಕ್’, ಸ್ವತಂತ್ರ. ಮೊದಲು ಬಿಡುಗಡೆ, ಆಮೇಲೆ ದೊರೆ ಕೊಟ್ಟ ವಿನಾಯಿತಿ, ಆಮೇಲೆ ಓಟಿನ ಹಕ್ಕು, ಈಗ ಅಂಗಡಿ ನಡೆಸುವ ಪರವಾನಗಿ.

ಎಲ್ಲಕ್ಕಿಂತ ನನಗೆ ಮನಸ್ಸಿಗೆ ತಾಗಿದ್ದು ‘ವೋಟ್’. ಲ್ಯಾಟಿನ್‌ನ ‘ವೋಟುಂ’ ಅಂದರೆ ಹರಕೆ. ದೇವರಿಗೆ ಕಟ್ಟಿಕೊಳ್ಳುವ ಹರಕೆಯೇ. ಅದರಿಂದ ಇಷ್ಟ, ಬಯಕೆ ಅನ್ನುವ ಅರ್ಥ ಬಂತು, ಅಲ್ಲಿಂದ ಓಟು. ನಮ್ಮ ‘ಮತ’ ಅಂದರೆ ಅಭಿಪ್ರಾಯ, ಅದನ್ನು ‘ದಾನ’ ಮಾಡುತ್ತೇವೆ. ಅವರದು ಹರಕೆ, ನಮ್ಮದು ದಾನ. ನಾನಂತೂ ಓಟನ್ನು ದಾನ ಅನ್ನುವುದನ್ನು ಮೊದಲಿಂದಲೂ ಒಪ್ಪಿಲ್ಲ. ದಾನ ಕೊಟ್ಟ ಮೇಲೆ ವಾಪಸ್ ಏನೂ ಕೇಳುವ ಹಾಗಿಲ್ಲ. ಹರಕೆ ಹಾಗಲ್ಲ, ಎರಡು ಕಡೆಯೂ ಮಾತು ಉಳಿಸಿಕೊಳ್ಳಬೇಕು. ಹರಕೆ ಅನ್ನುವುದೇ ನನಗೆ ಸರಿ ಕಾಣುತ್ತದೆ.

ಬೈಂಡಿಂಗ್ ಬಗ್ಗೆ ಹೇಳುವುದು ಮರೆತೆ. ಯಜಮಾನರೇ ಪಕ್ಕದ ಗಲ್ಲಿಯ ಬೈಂಡರ್ ಹತ್ತಿರ ಕಳಿಸಿ ಮಾಡಿಸಿಕೊಟ್ಟರು. ಬಿಡಿ ಪುಟಗಳನ್ನು ಜೋಡಿಸಿ ದಾರದಲ್ಲಿ ಹೊಲಿದು, ದಪ್ಪ ರಟ್ಟು ಹಾಕಿ, ಕೆಂಪು ಬಟ್ಟೆ ಸುತ್ತಿದ್ದಾರೆ. ಪುಸ್ತಕ ನೆಲದ ಮೇಲೆ ಪೂರ್ತಿ ಬಿಚ್ಚಿಕೊಂಡು ಕೂರುತ್ತದೆ, ಕೈ ಬಿಟ್ಟರೂ ಮಡಚಿಕೊಳ್ಳುವುದಿಲ್ಲ. ಒಂದೇ ಬೇಜಾರು ಅಂದರೆ ಅಂಚು ಕತ್ತರಿಸುವಾಗ ಸ್ವಲ್ಪ ಜಾಸ್ತಿ ಕತ್ತರಿಸಿ ‘ಕ್ಯೂ’ ಅಕ್ಷರದ ಎರಡು ಪುಟಗಳಲ್ಲಿ ಕೊನೇ ಸಾಲು ಅರ್ಧ ಹೋಗಿದೆ. ಮೂರು ದಿನ ಅಂದಿದ್ದು ಎಂಟು ದಿನ ಆಯಿತು. ನೀವು ಬೈಂಡ್ ಮಾಡಿಸಿದರೆ ‘ಅಂಚು ಕತ್ತರಿಸಬೇಡಿ’ ಅಂತ ಚೀಟಿ ಬರೆದು ಪುಸ್ತಕದೊಳಗೆ ಇಡಿ, ಬಾಯಲ್ಲಿ ಹೇಳಿದರೆ ಸಾಲದು.

ಅಕ್ಷರ ಸಣ್ಣದು. ನಲವತ್ತು ದಾಟಿದವರಿಗೆ ಕನ್ನಡಕ ಬೇಕೇ ಬೇಕು. ಕಂಪ್ಯೂಟರು, ಮೊಬೈಲಿನ ಪದ ಒಂದೂ ಇಲ್ಲ, ಅದಕ್ಕೆ ಫೋನೇ ಸರಿ. ಹಳೇ ಡಿಕ್ಷನರಿ ತಗೊಳ್ಳುವವರು ಅಂಗಡಿಯಲ್ಲೇ ಮೂರು ವಿಷಯ ನೋಡಿ: ಪದದ ಮುಂದೆ ಮೂಲ ಭಾಷೆ ಕೊಟ್ಟಿದ್ದಾರಾ, ಹಳೇ ಅರ್ಥಗಳನ್ನು ಇಟ್ಟಿದ್ದಾರಾ, ನಡುವೆ ಪುಟ ಹಾರಿಲ್ಲ ತಾನೆ. ಮನೆಯಿಂದಲೇ ಒಂದು ಪದ ಯೋಚಿಸಿಕೊಂಡು ಹೋಗಿ, ಅದನ್ನೇ ಎಲ್ಲದರಲ್ಲೂ ನೋಡಿ. ಭಾನುವಾರ ಹೋಗಬೇಡಿ, ಗದ್ದಲದಲ್ಲಿ ಅವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ವಾರದ ದಿನ ಹನ್ನೊಂದು ಗಂಟೆ ಹೊತ್ತಿಗೆ ಹೋದರೆ ಕೂತು ನೋಡಲು ಸ್ಟೂಲು ಕೊಡುತ್ತಾರೆ. ಚೌಕಾಸಿಗೆ ಜಾಸ್ತಿ ಜಾಗವಿಲ್ಲ. ನನಗೆ 400 ಹೇಳಿ 350ಕ್ಕೆ ಕೊಟ್ಟರು. ಟೀಚರ್ ಅಂತ ಗೊತ್ತಾದ ಮೇಲೆ ಸುಮ್ನೆ ಒಂದು ಭೂಪಟವನ್ನೂ ಸುತ್ತಿ ಕೊಟ್ಟರು.

ಹೋದ ವಾರ ಮತ್ತೆ ಹೋಗಿದ್ದೆ. ಈ ಸಲ ಕನ್ನಡ ಪದಗಳ ಹುಟ್ಟು ನೋಡಲು ಕಿಟೆಲ್ ನಿಘಂಟು ಬೇಕಿತ್ತು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿದ್ದಲ್ಲ, ಅದರ ಆಮೇಲಿನ ಯಾವುದಾದರೂ ಮುದ್ರಣ. ಅವರ ಹತ್ತಿರ ಇರಲಿಲ್ಲ. ಹಳೇ ನೋಟ್‌ಬುಕ್ಕಿನಲ್ಲಿ ನನ್ನ ಫೋನ್ ನಂಬರ್ ಬರೆದುಕೊಂಡರು. “ಹೆಸರು ಹೇಳಮ್ಮಾ” ಅಂದರು. ಹೇಳಿದೆ, ಬರೆದರು. ಬಂದರೆ ಫೋನ್ ಮಾಡುತ್ತಾರಂತೆ.